ಇಂಪ್ಲಾಂಟ್ ಹಲ್ಲಿಗೆ ಹುಳುಕು ಹಿಡಿಯಲ್ಲ ನಿಜ, ಆದರೆ ಅದರ ಸುತ್ತಲಿನ ವಸಡಿಗೆ?

"ಇಂಪ್ಲಾಂಟ್ ಅಂದರೆ ಲೋಹ, ಅದಕ್ಕೆ ಹುಳುಕು ಹಿಡಿಯಲ್ಲ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಚಿಂತೆಯಿಲ್ಲ." ಈ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ತಮ್ಮ ಮೊದಲ ರೋಗಿಗೆ ಅಳವಡಿಸಿದ ಟೈಟೇನಿಯಂ ಇಂಪ್ಲಾಂಟ್‌ಗಳು ಸುಮಾರು 40 ವರ್ಷ ಬಾಳಿದವು. ಲೋಹ ಅಷ್ಟು ಗಟ್ಟಿ. ಆದರೆ ಅದನ್ನು ಹಿಡಿದಿರುವ ಮೂಳೆ, ಸುತ್ತುವರಿದಿರುವ ವಸಡು ನಮ್ಮ ದೇಹದ್ದೇ ಅಲ್ಲವೇ?

ನಮ್ಮ ಸ್ವಂತ ಹಲ್ಲಿನ ಬೇರಿಗೆ ವಸಡಿನ ನಾರುಗಳು ಅಡ್ಡಲಾಗಿ ನಾಟಿಕೊಂಡಿರುತ್ತವೆ. ಬೇರಿಗೂ ಮೂಳೆಗೂ ನಡುವೆ ರಕ್ತನಾಳಗಳಿರುವ ತೆಳುವಾದ ಪದರವೂ ಇದೆ. ಇಂಪ್ಲಾಂಟ್ ಸುತ್ತ ಆ ಪದರ ಇಲ್ಲ. ಅಲ್ಲಿ ನಾರುಗಳು ಲೋಹದೊಳಕ್ಕೆ ಇಳಿಯಲಾರವು, ಅದರ ಪಕ್ಕದಲ್ಲಿ ಉದ್ದಕ್ಕೆ ಅಥವಾ ಸುತ್ತಲೂ ಬಳೆಯಂತೆ ಹಾದು ಹೋಗುತ್ತವೆ. ಅಂದರೆ ವಸಡು ಲೋಹವನ್ನು ತಬ್ಬಿಕೊಂಡಿರುತ್ತದೆಯೇ ಹೊರತು ಅದಕ್ಕೆ ಬೇರೂರಿರುವುದಿಲ್ಲ. ರಕ್ತಸಂಚಾರವೂ ಕಡಿಮೆ. ಹಾಗಾಗಿ ಬ್ಯಾಕ್ಟೀರಿಯಾ ಒಳನುಸುಳಿದರೆ ಸೋಂಕು ಮೂಳೆಯವರೆಗೆ ಇಳಿಯುವುದು ಸುಲಭ.

ಎಲ್ಲ ಬದಲಾವಣೆಯೂ ರೋಗವಲ್ಲ. ಕ್ಯಾಪ್ ಕೂರಿಸಿದ ಮೊದಲ ವರ್ಷ ವಸಡು ಸುಮಾರು ಒಂದು ಮಿಲಿಮೀಟರ್ ಕೆಳಗಿಳಿಯುವುದುಂಟು. ಇದರಲ್ಲಿ ಹೆಚ್ಚಿನದು ಮೊದಲ ಕೆಲವು ತಿಂಗಳಲ್ಲೇ ಆಗಿಬಿಡುತ್ತದೆ. ಮುಂದಿನ ಹಲ್ಲಾದರೆ ಕೆಲವು ವೈದ್ಯರು ಮೊದಲು ತಾತ್ಕಾಲಿಕ ಕ್ಯಾಪ್ ಹಾಕಿ ಕಾಯುವುದು ಇದೇ ಕಾರಣಕ್ಕೆ (ನಿಮ್ಮಿಂದ ಹೆಚ್ಚು ದುಡ್ಡು ಕೀಳಲು ಅಲ್ಲ!). ಎರಡು ಹಲ್ಲುಗಳ ನಡುವೆ ಕಾಣುವ ಕಪ್ಪು ಸಂದಿಯನ್ನು ವಸಡು ತಾನಾಗಿಯೇ ಸ್ವಲ್ಪ ತುಂಬಿಕೊಳ್ಳುವುದೂ ಇದೆ.

ಭಯ ಬೀಳಬೇಕಾದದ್ದು ರಕ್ತಕ್ಕೆ. ವಸಡು ಕೆಂಪಾಗಿ ಊದಿಕೊಂಡು, ಬ್ರಷ್ ತಾಗಿದರೆ ರಕ್ತ ಬರುತ್ತಿದ್ದರೆ ಅದು ಉರಿಯೂತದ ಮೊದಲ ಹಂತ, 'ಮ್ಯೂಕೋಸೈಟಿಸ್'. ಚೆನ್ನಾಗಿ ಸ್ವಚ್ಛಗೊಳಿಸಿದರೆ ಇದು ವಾಸಿಯಾಗಬಲ್ಲದು. ನಿರ್ಲಕ್ಷಿಸಿದರೆ ಮೂಳೆ ಸವೆಯುವ 'ಪೆರಿ-ಇಂಪ್ಲಾಂಟೈಟಿಸ್' ಆಗಬಹುದು. ಆಗ ಕೀವು ಬರಬಹುದು, ಹೋದ ಮೂಳೆ ತಾನಾಗಿ ಮರಳುವುದಿಲ್ಲ. ತೊಂದರೆ ಏನೆಂದರೆ ಇಷ್ಟಾದರೂ ಬಹಳ ಸಲ ನೋವೇ ಇರುವುದಿಲ್ಲ. 'ನೋವಿಲ್ಲ, ಸರಿಯಾಗಿದೆ' ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೊದಲೇ ವಸಡಿನ ರೋಗವಿದ್ದವರು, ಬೀಡಿ-ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರು ಇನ್ನಷ್ಟು ಎಚ್ಚರವಾಗಿರಬೇಕು.

ರಕ್ತ ಬಂತೆಂದು ಅಲ್ಲಿ ಉಜ್ಜುವುದನ್ನೇ ಬಿಡುವವರಿದ್ದಾರೆ. ಇದು ತಪ್ಪು. ಬರೀ ಉಪ್ಪುನೀರು ಮುಕ್ಕಳಿಸಿದರೆ ಅಂಟಿದ ಪ್ಲಾಕ್ ಹೋಗುವುದಿಲ್ಲ. ಮೆದು ಬ್ರಷ್ ಜೊತೆಗೆ ಸಂದಿಗೆಂದೇ ಸಿಗುವ ಪುಟ್ಟ ಬ್ರಷ್ ಬಳಸಿ, ವೈದ್ಯರಿಗೂ ತೋರಿಸಿ. ಇಂಪ್ಲಾಂಟ್ ಹಲ್ಲು ಅಲ್ಲಾಡಿದರೂ ತಡಮಾಡಬೇಡಿ. ಒಳಗಿನ ಸ್ಕ್ರೂ ಸಡಿಲವಾಗಿದ್ದರೆ ಬಿಗಿ ಮಾಡಬಹುದು, ಇಂಪ್ಲಾಂಟೇ ಅಲ್ಲಾಡುತ್ತಿದ್ದರೆ ಅದನ್ನು ತೆಗೆಯಬೇಕಾಗುತ್ತದೆ.

ಇನ್ನೊಂದು ಮಾತು: ಕ್ಯಾಪ್ ಕೂರಿಸಿದ ದಿನ ತೆಗೆದ ಎಕ್ಸ್-ರೇಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಐದು ವರ್ಷದ ನಂತರ ಬೇರೆ ಊರಿನ ವೈದ್ಯರ ಬಳಿ ಹೋದರೂ, ಮೂಳೆ ಎಷ್ಟು ಇಳಿದಿದೆ ಎಂದು ಅವರು ಅದರ ಪಕ್ಕದಲ್ಲಿಟ್ಟೇ ನೋಡಬೇಕು.