ಕಡಲಿನಲ್ಲೊಂದು ಕಯಾಕ್ ಯಾನ

ರಾಣೇಬೆನ್ನೂರು ಸೀಮೆಯವರಾದ ನಮಗೆ ನೀರೆಂದರೆ ತುಂಗಭದ್ರೆ. ಅದೂ ಬೇಸಗೆಯಲ್ಲಿ ಮೊಣಕಾಲುಮಟ್ಟಕ್ಕೆ ಇಳಿಯುವ ತುಂಗಭದ್ರೆ. ಕಡಲನ್ನು ನಾವು ಕಂಡಿದ್ದುದು ಗೋಕರ್ಣ, ಮುರುಡೇಶ್ವರಗಳ ಯಾತ್ರೆಯಲ್ಲಿ, ದಂಡೆಯ ಮೇಲೆ ನಿಂತು ಪಾದ ತೋಯಿಸಿಕೊಂಡಷ್ಟು ಮಾತ್ರ. ಹೀಗಿರಲಾಗಿ, ಡಿಸೆಂಬರಿನ ರಜೆಯಲ್ಲಿ ಹೊನ್ನಾವರಕ್ಕೆ ಹೋಗಿ ಕಡಲಿನಲ್ಲಿ ಕಯಾಕ್ ನಡೆಸೋಣವೆಂದು ಮಕ್ಕಳು ಹಟ ಹಿಡಿದಾಗ ಮನೆಯಲ್ಲಿ ಒಂದು ಸಣ್ಣ ಸಭೆಯೇ ಸೇರಬೇಕಾಯಿತು.

ಎಪ್ಪತ್ತೆರಡರ ನಮ್ಮ ಅವ್ವನಿಗೆ ಆ ಶಬ್ದ 'ಕಾಯಕ'ವೆಂದೇ ಕೇಳಿಸಿತು. "ಸಮುದ್ರದಾಗ ಎಂಥಾ ಕಾಯಕನೋ ತಮ್ಮಾ?" ಎಂದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಬಸವಾದಿ ಶರಣರ ಕಾಯಕಕ್ಕೂ ಈ ಕಯಾಕಿಗೂ ಯಾವ ನಂಟೂ ಇಲ್ಲ. ಉತ್ತರ ಧ್ರುವದ ಹಿಮಪ್ರದೇಶದ ಇನ್ಯೂಟ್ ಜನರು ಸೀಲ್ ಮೃಗಗಳ ಬೇಟೆಗಾಗಿ ಕಟ್ಟಿಕೊಂಡ ಕಿರಿದಾದ ದೋಣಿಯ ಹೆಸರು ಅದು. ಕಡಲು ತೇಲಿಸಿ ತಂದ ಕಟ್ಟಿಗೆ, ತಿಮಿಂಗಿಲದ ಎಲುಬುಗಳಿಂದ ಚೌಕಟ್ಟು ಮಾಡಿ, ಅದರ ಮೇಲೆ ಸೀಲ್ ಚರ್ಮವನ್ನು ಬಿಗಿದು ಹೊಲಿಯುತ್ತಿದ್ದರು. ಇದನ್ನು ವಿವರಿಸಿದಾಗ ಅವ್ವ, "ಹಂಗಾರ ನಮ್ಮ ತೊಗಲಿನ ಹರಿಗೋಲ ಇದ್ದಾಂಗ ಅನ್ನು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಬಾಲ್ಯದಲ್ಲಿ ಹರಿಗೋಲಿನಲ್ಲಿ ಹೊಳೆ ದಾಟಿದವರು ಅವರು. ಅಂಬಿಗರ ಚೌಡಯ್ಯನವರ ಸಮಾಧಿಯಿರುವ ಚೌಡದಾನಪುರ ನಮ್ಮ ತಾಲ್ಲೂಕಿನಲ್ಲೇ, ತುಂಗಭದ್ರೆಯ ದಡದಲ್ಲಿದೆ. ಹುಟ್ಟು ಹಿಡಿದು ಜನರನ್ನು ದಾಟಿಸುತ್ತಲೇ ವಚನ ನುಡಿದ ಹನ್ನೆರಡನೆಯ ಶತಮಾನದ ಆ ಶರಣರ ನೆರೆಯವರಾದ ನಾವು ದೋಣಿಗೆ ಅಂಜುವುದೆಂತು ಎಂದು ಮಗಳು ವಾದ ಹೂಡಿದಳು. ವಾದ ಚೆನ್ನಾಗಿಯೇ ಇತ್ತು.

ಆದರೆ ಅವ್ವನ ಅಂಜಿಕೆ ದೋಣಿಯದಾಗಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ದೀಕ್ಷೆಯಾಗಿದೆ. ಎಲ್ಲರ ಎದೆಯ ಮೇಲೂ ಇಷ್ಟಲಿಂಗವಿದೆ. ದೋಣಿ ಮಗುಚಿ, ಶಿವದಾರ ಹರಿದು, ಲಿಂಗ ಕಡಲ ಪಾಲಾದರೆ? ಲಿಂಗವು ಅಂಗದಿಂದ ಅಗಲಬಾರದೆಂಬುದು ಹಿರಿಯರು ಪ್ರಾಣದಂತೆ ಕಾಪಾಡಿಕೊಂಡು ಬಂದ ನಿಷ್ಠೆ. ಕೊಠಡಿಯಲ್ಲಿ ಬಿಚ್ಚಿಟ್ಟು ಹೋಗಬಹುದಲ್ಲ ಎಂದು ಮಗ ಅಂದಾಗ ಅವ್ವ ಉತ್ತರಿಸಲಿಲ್ಲ. ಅವನ ಮುಖವನ್ನು ಒಮ್ಮೆ ನೋಡಿದರು, ಅಷ್ಟೆ. ಈ ವಿಷಯದಲ್ಲಿ ಬೇರೆ ಬೇರೆ ಮನೆಗಳವರು ಬೇರೆ ಬೇರೆಯಾಗಿ ನಡೆದುಕೊಳ್ಳುವುದನ್ನು ನಾವು ಬಲ್ಲೆವು. ನಮ್ಮ ಮನೆಯ ರೀತಿ ಇದು.

ಮಾರ್ಗವನ್ನು ಕಂಡುಹಿಡಿದವರೂ ಅವ್ವನೇ. ನಮ್ಮ ತಂದೆಯವರು ಬಾವಿಗೆ ಈಜಲು ಇಳಿಯುವಾಗ ಕರಡಿಗೆಯನ್ನು ಉದ್ದನೆಯ ಬಿಳಿಯ ವಸ್ತ್ರದಲ್ಲಿ ಸುತ್ತಿ, ಹೆಗಲ ಮೇಲಿಂದ ಕಂಕುಳ ಕೆಳಗೆ ತಂದು, ಎದೆಗೆ ಒತ್ತಿ ಗಂಟು ಹಾಕುತ್ತಿದ್ದರಂತೆ. ಹೊರಡುವ ಮುನ್ನಾದಿನ ಅವ್ವ ಹಳೆಯ ಧೋತರವೊಂದನ್ನು ಹರಿದು ನಾಲ್ಕು ಪಟ್ಟಿ ಮಾಡಿದರು. ನಾಲ್ಕೂ ಶಿವದಾರಗಳನ್ನು ಹೊಸದಾಗಿ ಬದಲಿಸಿದರು. ಇದು ಅವರ ಷರತ್ತು, ಮಿಕ್ಕದ್ದಕ್ಕೆ ಅಪ್ಪಣೆಯಾಯಿತು.

ಶಿರಸಿಯ ಮೇಲಾಗಿ ಘಟ್ಟ ಇಳಿದು ಹೊನ್ನಾವರ ಸೇರಿದಾಗ ಸಂಜೆಯಾಗಿತ್ತು. ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿದ ಶರಾವತಿ ಇಲ್ಲಿ ಬಹು ಶಾಂತಳಾಗಿ, ಅಗಲವಾಗಿ ಹರಡಿಕೊಂಡು ಕಡಲನ್ನು ಸೇರುತ್ತಾಳೆ. ಅವಳ ಮೇಲೆ ಕೊಂಕಣ ರೈಲಿನ ಸೇತುವೆ ಎರಡು ಕಿಲೋಮೀಟರಿಗೂ ಮಿಕ್ಕಿ ಚಾಚಿದೆ. ನದಿಯ ದಕ್ಷಿಣಕ್ಕೆ ಕಾಸರಕೋಡು. 2020ರಲ್ಲಿ ಪಡುಬಿದ್ರಿಯೊಡನೆ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ದಂಡೆ ಇದೇ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಮೀನುಗಾರರ ಮನೆಗಳ ಮುಂದಿನ ಒಂದು ಮರಳ ದಂಡೆಯಲ್ಲಿ ನಮ್ಮ ಪಾಠ ಗೊತ್ತಾಗಿತ್ತು.

ಪಾಠ ಹೇಳಿದವನು ಅಲ್ಲಿಯ ಮೀನುಗಾರರ ಮನೆಯ ತರುಣ. ಬೆಳಗಿನ ಏಳಕ್ಕೇ ಬರಬೇಕೆಂದು ಮೊದಲೇ ತಿಳಿಸಿದ್ದ. ಅದಕ್ಕೆ ಕಾರಣವಿದೆ. ಚಳಿಗಾಲದ ಬೆಳಗಿನಲ್ಲಿ ಗಾಳಿ ನೆಲದಿಂದ ಕಡಲಿನತ್ತ ಮೆಲ್ಲಗೆ ಬೀಸುತ್ತದೆ, ನೀರು ಸಮತಟ್ಟಾಗಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಗಾಳಿ ತಿರುಗಿ ಕಡಲಿನಿಂದ ಬರತೊಡಗುತ್ತದೆ, ಅಲೆಗಳು ಏಳುತ್ತವೆ. "ಬೆಳಗಿನ ಗಾಳಿ ಮೆತ್ತಗಿದೆ ಅಂತ ನಂಬ್ಬೇಡಿ ಮಾರಾಯ್ರೆ, ಅದು ನಿಮ್ಮನ್ನ ಹೊರಗೇ ಒಯ್ಯೂದು" ಎಂದು ಎಚ್ಚರಿಸಿದ. ಆದುದರಿಂದ ದಂಡೆಗೆ ಸಮಾನಾಂತರವಾಗಿಯೇ ಸಾಗಬೇಕು, ಆಳಕ್ಕೆ ಹೋಗಕೂಡದು. ಉಬ್ಬರ-ಇಳಿತಗಳ ಲೆಕ್ಕವನ್ನು ಅವನು ತಿಥಿಯ ಮೇಲೆಯೇ ಹೇಳುತ್ತಿದ್ದ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೆಳೆತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ದಿನದಿಂದ ದಿನಕ್ಕೆ ಉಬ್ಬರ ಸುಮಾರು 50 ನಿಮಿಷ ತಡ. ಇಳಿತದ ಹೊತ್ತಿನಲ್ಲಿ ನದಿಯ ಅಳಿವೆಯ ಕಡೆ ಸುಳಿಯಲೇಬಾರದು. ನದಿಯ ನೀರೂ ಇಳಿತದ ನೀರೂ ಒಂದಾಗಿ ಹೊರಕ್ಕೆ ನುಗ್ಗುತ್ತವೆ. ಮಳೆಗಾಲದ ತಿಂಗಳುಗಳಲ್ಲಂತೂ ಈ ಮಾತೇ ಇಲ್ಲ.

ದೋಣಿಗಳು ಪ್ಲಾಸ್ಟಿಕ್ಕಿನವು, ಸುಮಾರು 12 ಅಡಿ ಉದ್ದ, ಇಬ್ಬರು ಕೂರುವಂಥವು. ಒಳಗೆ ತೂರಿ ಕೂರುವುದಲ್ಲ, ಮೇಲೆಯೇ ಕೂರುವುದು. ಬಿದ್ದ ನೀರು ತಳದ ತೂತುಗಳಿಂದ ತಾನೇ ಇಳಿದುಹೋಗುತ್ತದೆ. ತಳದಲ್ಲಿ ತೂತಿರುವ ದೋಣಿ ಮುಳುಗುವುದಿಲ್ಲವೇಕೆ ಎಂದು ಮಗ ಕೇಳಿದ. ಮೇಲಿನ ಪದರಕ್ಕೂ ತಳಕ್ಕೂ ನಡುವೆ ಮುಚ್ಚಿದ ಟೊಳ್ಳು, ಅದರ ತುಂಬ ಗಾಳಿ. ತೂತುಗಳು ಆ ಟೊಳ್ಳನ್ನು ಮುಟ್ಟದೆ ನಳಿಕೆಗಳಂತೆ ಹಾದುಹೋಗುತ್ತವೆ. ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ತೋಳಿನ ಬಲದಿಂದ ಎಳೆದರೆ ಹತ್ತು ನಿಮಿಷದಲ್ಲಿ ಸೋಲುತ್ತೀರಿ, ಬೀಸುವ ಕಲ್ಲು ತಿರುವುವಂತೆ ಸೊಂಟದಿಂದ ಮೈ ತಿರುಗಿಸಿರಿ ಎಂಬುದು ಅವನ ಪಾಠದ ಸಾರ. ನಮ್ಮ ಮನೆಯವರು ಇದನ್ನು ನಮಗಿಂತ ಬೇಗ ಕಲಿತರು. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಅವನು ತಾನೇ ಎಳೆದು ಬಿಗಿದ. ಒಳಗಿನ ಬಿಳಿಯ ಗಂಟುಗಳನ್ನು ಕಂಡು ಏನೆಂದು ಕೇಳಿದ, ತಿಳಿದ ಮೇಲೆ ಪಟ್ಟಿ ಅವುಗಳ ಮೇಲೆ ಹಾಯದಂತೆ ಸರಿಸಿ ಕಟ್ಟಿದ.

ನಾವೂ ಮಗನೂ ಒಂದರಲ್ಲಿ, ಮನೆಯವರೂ ಮಗಳೂ ಇನ್ನೊಂದರಲ್ಲಿ, ಪಕ್ಕದಲ್ಲಿ ತರುಣ. ಒಡೆಯುವ ಅಲೆಗಳ ಸಾಲನ್ನು ದಾಟುವವರೆಗೆ ಎದೆ ಬಾಯಿಗೆ ಬಂದಿತ್ತು. ದಾಟಿದೊಡನೆ ಎಲ್ಲವೂ ನಿಶ್ಶಬ್ದ. ವಾಯವ್ಯಕ್ಕೆ ಬಸವರಾಜದುರ್ಗದ ನಡುಗಡ್ಡೆ ನೀರಿನ ಮೇಲೆ ಚಪ್ಪಟೆಯಾಗಿ ಮಲಗಿತ್ತು; ಕೆಳದಿಯ ಅರಸರು ಕೋಟೆ ಕಟ್ಟಿಸಿದ ದ್ವೀಪವದು. ವೀರಶೈವ ಅರಸರೆಂದರೆ ಮಲೆನಾಡಿನವರೆಂದಷ್ಟೇ ನಮ್ಮಲ್ಲಿ ಅನೇಕರ ತಿಳುವಳಿಕೆ. ಶಿವಪ್ಪನಾಯಕನು 1650ರ ದಶಕದಲ್ಲಿ ಇದೇ ಹೊನ್ನಾವರವನ್ನು ಪೋರ್ಚುಗೀಸರಿಂದ ಬಿಡಿಸಿಕೊಂಡನೆಂಬುದನ್ನು, 1763ರಲ್ಲಿ ಹೈದರಾಲಿಗೆ ಸೋಲುವವರೆಗೂ ಈ ಕರಾವಳಿ ಆ ಮನೆತನದ ಕೈಯಲ್ಲಿತ್ತೆಂಬುದನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಶಾಲೆ ಎಲ್ಲಿ ಸಿಕ್ಕೀತು? ಮಗ ಅರ್ಧ ಕೇಳಿದ. ಉಳಿದರ್ಧ ನೀರು ಎರಚಿದ.

ಅನಾಹುತವಾದದ್ದು ಮರಳುವಾಗ. ದಂಡೆ ಇನ್ನೇನು ಬಂತೆಂಬಾಗ ಹಿಂದಿನಿಂದ ಅಲೆಯೊಂದು ಎದ್ದಿತು. ನಾವು ಗಾಬರಿಯಿಂದ ಹುಟ್ಟು ಹಾಕುವುದನ್ನೇ ನಿಲ್ಲಿಸಿದೆವು. ದೋಣಿ ಅಡ್ಡ ತಿರುಗಿತು. ಅಲೆ ಬರುವ ಕಡೆಗೇ ಮೈ ವಾಲಿಸಬೇಕೆಂದು ಅವನು ಹೇಳಿದ್ದ. ನಾವು ಭಯಬಿದ್ದವರೆಲ್ಲರೂ ಮಾಡುವಂತೆ ದಂಡೆಯ ಕಡೆಗೆ ವಾಲಿದೆವು. ಕ್ಷಣಾರ್ಧದಲ್ಲಿ ದೋಣಿ ಮಗುಚಿತು. ಮೂಗು, ಬಾಯಿ, ಕಣ್ಣುಗಳಲ್ಲೆಲ್ಲ ಉಪ್ಪುನೀರು. ಮೇಲೆ ಬಂದಾಗ ನಮ್ಮ ಬಲಗೈ ತಾನಾಗಿ ಎದೆಗೆ ಹೋಗಿತ್ತು. ಗಂಟು ಇತ್ತು, ಕರಡಿಗೆ ಕೈಗೆ ತಾಗಿತು. ಅನಂತರ ಮಗನ ನೆನಪಾಯಿತು.

ಈ 'ಅನಂತರ'ವನ್ನು ಬರೆಯಲು ನಮಗೆ ಸಂಕೋಚವಾಗುತ್ತದೆ. ಅದು ಎರಡು ಉಸಿರಿನಷ್ಟು ಹೊತ್ತೂ ಇರಲಾರದು. ಅಷ್ಟರಲ್ಲಿ ತರುಣ ಧುಮುಕಿ ಬಂದು ಹುಡುಗನ ಜಾಕೆಟ್ಟಿನ ಹೆಗಲುಪಟ್ಟಿಯನ್ನು ಹಿಡಿದಾಗಿತ್ತು. "ದೋಣಿಗೂ ದಂಡೆಗೂ ನಡುವೆ ನಿಲ್ಬೇಡಿ, ಈಚೆ ಬನ್ನಿ!" ಎಂದು ಕೂಗುತ್ತಿದ್ದ, ಮುಂದಿನ ಅಲೆ ದೋಣಿಯನ್ನು ಎತ್ತಿ ಮೈಮೇಲೆ ಹಾಕೀತೆಂಬುದು ಅವನ ಭಯ. ಕಾಲಿಗೆ ಮರಳು ಸಿಕ್ಕಿತು. ನೀರು ಸೊಂಟದ ಮಟ್ಟವೇ ಇತ್ತು.

ಅವ್ವ ದಂಡೆಯ ಮೇಲಿಂದ ಎಲ್ಲವನ್ನೂ ಕಂಡಿದ್ದರು. ಮೊದಲು ಮೊಮ್ಮಗನ ತಲೆ ಒರೆಸಿದರು. ನಾವು, ಲಿಂಗ ಕ್ಷೇಮವಾಗಿದೆಯೆಂದು ತುಸು ಹೆಮ್ಮೆಯಿಂದಲೇ ಹೇಳಿ, ಕೈ ಮೊದಲು ಅಲ್ಲಿಗೇ ಹೋದುದನ್ನೂ ತಿಳಿಸಿದೆವು. ಮೆಚ್ಚುತ್ತಾರೆಂದು ಎಣಿಸಿದ್ದೆವು.

"ಲಿಂಗಾನ ನಾ ಗಟ್ಟಿ ಕಟ್ಟಿ ಕಳಿಸಿದ್ನಿ. ಹುಡುಗನ್ನ ಯಾರು ಕಟ್ಟಿದ್ರು? ಮದ್ಲ ಅವನ್ನ ಹಿಡೀಬೇಕಿತ್ತು ನೀ" ಎಂದರು.

ನಾವು ಸುಮ್ಮನಾದೆವು. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದರು. ಆ ತರುಣನಿಗೂ ಕರೆದು ಬಡಿಸಿದರು. ಅವನು ನಾಲ್ಕು ರೊಟ್ಟಿ ತಿಂದ.

ಮರುದಿನ ಸಂಜೆ ಹಿನ್ನೀರಿನ ಕಾಂಡ್ಲಾ ಗಿಡಗಳ ನಡುವಿನ ನಿಶ್ಚಲವಾದ ನೀರಿನಲ್ಲಿ ಮಕ್ಕಳು ಮತ್ತೊಮ್ಮೆ ದೋಣಿಗಿಳಿದರು. ಈ ಸಲ ಮುಂದಿನ ಆಸನದಲ್ಲಿ, ಸೀರೆಯ ಮೇಲೆ ಜಾಕೆಟ್ ತೊಟ್ಟು, ಅವ್ವ. ಹಿಂದೆ ಆ ತರುಣ. ಮೊದಲು ಹುಟ್ಟು ಬೇಡವೆಂದರು; ಅರ್ಧ ದಾರಿಯಲ್ಲಿ ಕೈ ಚಾಚಿ ಕೇಳಿದರು. ಎಡಕ್ಕೊಂದು, ಬಲಕ್ಕೊಂದು ಹಾಕಿದರು. ನೀರಿನ ಮೇಲಿಂದ ಅವರ ದನಿ ನಮ್ಮವರೆಗೂ ಕೇಳಿಸಿತು: "ಹರಿಗೋಲ ಆಗಿದ್ರ ಗುಂಡಗ ತಿರಗತಿತ್ತು ನೋಡಪಾ. ಇದು ನೆಟ್ಟಗ ಹೊಕ್ಕೈತಿ."