ಹುಣಸಗಿಯ ಮನೆ ತೆರಿಗೆ ಎಲ್ಲಿಗೆ ಹೋಗುತ್ತದೆ?

ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ನಾಲೆ ಹುಣಸಗಿ ಸೀಮೆಯ ಬದುಕನ್ನೇ ಬದಲಿಸಿತು. ಭತ್ತ ಬಂತು, ಅಂಗಡಿ ಸಾಲು ಬೆಳೆಯಿತು. ಸುರಪುರ ತಾಲ್ಲೂಕಿಗೆ ಸೇರಿದ್ದ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಗ್ರಾಮ ಪಂಚಾಯಿತಿ ಇದ್ದಲ್ಲಿ ಪಟ್ಟಣ ಪಂಚಾಯಿತಿ ಇದೆ.

ಆದರೆ ಗದ್ದೆಯ ಸಿರಿ ನೇರವಾಗಿ ಪಂಚಾಯಿತಿಯ ಬೊಕ್ಕಸ ಸೇರುವುದಿಲ್ಲ. ನಾಲೆಯ ನೀರಿನ ಕರ ಸರ್ಕಾರಕ್ಕೆ, ಮಾರುಕಟ್ಟೆ ಶುಲ್ಕ ಎಪಿಎಂಸಿಗೆ. ಪಟ್ಟಣ ಪಂಚಾಯಿತಿಯ ಸ್ವಂತ ಗಳಿಕೆ ಎಂದರೆ ಮನೆ, ಅಂಗಡಿ, ನಿವೇಶನಗಳ ಆಸ್ತಿ ತೆರಿಗೆ, ನಲ್ಲಿ ನೀರಿನ ಶುಲ್ಕ, ಪರವಾನಗಿ ಶುಲ್ಕ, ಮಳಿಗೆ ಬಾಡಿಗೆ.

ಇದಕ್ಕೆ ಆಧಾರ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಆಸ್ತಿಯ ಅಳತೆ, ಬಳಕೆ ನೋಡಿ ಮಾಲೀಕರೇ ತೆರಿಗೆ ಘೋಷಿಸಿಕೊಳ್ಳಬೇಕು. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ; ಜೂನ್ ದಾಟಿದರೆ ದಂಡ. ತೆರಿಗೆಯ ಮೇಲೆ ಉಪಕರಗಳೂ ಇವೆ: ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಸಾವಿರ ರೂಪಾಯಿ ತೆರಿಗೆ ಬಂದರೆ ಅದರ ಜೊತೆ ಈ ಮೂರರಿಂದಲೇ 240 ರೂಪಾಯಿ ಉಪಕರ. ಊರಿನ ಓದುಗರ ಪುಸ್ತಕಕ್ಕೂ ನಮ್ಮ ಮನೆಯ 60 ರೂಪಾಯಿ ಸೇರಿರುತ್ತದೆ.

ಖರ್ಚಿಗೂ ಕಟ್ಟಳೆಯಿದೆ. ನಗರ ಸ್ಥಳೀಯ ಸಂಸ್ಥೆಗಳು ಸ್ವಂತ ಆದಾಯದಲ್ಲಿ ಶೇ 24.10ರಷ್ಟು ಹಣವನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25ನ್ನು ಇತರೆ ಬಡವರಿಗೆ, ಶೇ 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ವಿದ್ಯಾರ್ಥಿಗಳ ಶುಲ್ಕ, ಮನೆ ದುರಸ್ತಿ, ತ್ರಿಚಕ್ರ ವಾಹನದಂಥ ನೆರವು ಸಿಗುವುದು ಇಲ್ಲಿಂದಲೇ. ಸ್ವಂತ ವಸೂಲಿ ಕುಸಿದರೆ ಈ ಪಾಲೂ ಕುಗ್ಗುತ್ತದೆ. ತೆರಿಗೆ ಬಾಕಿಯ ಪೆಟ್ಟು ಮೊದಲು ಬೀಳುವುದು ಬಡವರ ಮೇಲೆ.

ಸಣ್ಣ ಪಟ್ಟಣಗಳು ಬಹುಪಾಲು ಅನುದಾನವನ್ನೇ ನೆಚ್ಚಿವೆ. ಅದರಲ್ಲಿ ಕೈಬಿಚ್ಚಿ ಖರ್ಚು ಮಾಡುವ ಸ್ವಾತಂತ್ರ್ಯ ಕಡಿಮೆ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ವಾರ್ಡಿನ ಜನ ತಮಗೆ ಬೇಕಾದ ಕೆಲಸವನ್ನು ತಾವೇ ನಿರ್ಧರಿಸಬೇಕಾದರೆ ಸ್ವಂತ ಆದಾಯವೇ ಬೇಕು.

ನಿರ್ಧಾರದ ಜಾಗ ಬಜೆಟ್. 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಜಮಾ–ಖರ್ಚಿಗೆ ಜೋಡಿ ನಮೂದು ಪದ್ಧತಿ ತಂದವು. ಹೊಸ ಆರ್ಥಿಕ ವರ್ಷಕ್ಕೆ ಮುಂಚೆ ಸಾರ್ವಜನಿಕರ ಸಲಹೆ ಕೇಳಲು ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತಾರೆ. ಚರಂಡಿ, ಬೀದಿದೀಪ, ಶೌಚಾಲಯದ ಮಾತು ಆಡಬೇಕಾದದ್ದು ಅಲ್ಲಿ. ಆಯವ್ಯಯಕ್ಕೆ ಮಂಜೂರಾತಿ ಸಿಕ್ಕ ಮೇಲೆ ದೂರಿದರೆ ಒಂದು ವರ್ಷ ಕಾಯಬೇಕು.

ಹುಣಸಗಿಯ ನಾಗರಿಕರಲ್ಲಿ ವಿನಂತಿ ಇಷ್ಟೇ: ಏಪ್ರಿಲ್‌ನಲ್ಲೇ ತೆರಿಗೆ ಕಟ್ಟಿ, ರಸೀದಿ ಜೋಪಾನ ಮಾಡಿ, ಮುಂದಿನ ಬಜೆಟ್ ಸಭೆಗೆ ತಪ್ಪದೆ ಹೋಗಿ ಲೆಕ್ಕ ಕೇಳಿ.