ಹೊಸ ವಾಚು ಹಿಂದೆ ಬಿದ್ದರೆ ಕೆಟ್ಟಿದೆಯೇ?

ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ ತಂದೆ ಕೀಲಿ ಕೊಡುವ ಹೊಸ ಕೈಗಡಿಯಾರ ತಂದುಕೊಡುತ್ತಾನೆ. ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯಂಥ ಹೊಳೆದಂಡೆಯ ಊರಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಹುಡುಗ ವಾಚನ್ನು ಮೊಬೈಲ್ ಫೋನಿಗೆ ಸರಿಹೊಂದಿಸಿ ಕಟ್ಟಿಕೊಳ್ಳುತ್ತಾನೆ. ವಾರ ಕಳೆಯುವಷ್ಟರಲ್ಲಿ ಎರಡು ನಿಮಿಷ ಹಿಂದೆ! ಅಂಗಡಿಯವನು ಮೋಸ ಮಾಡಿದನೆಂದು ತಾಯಿ, ಹುಡುಗನೇ ಬೀಳಿಸಿ ಕೆಡಿಸಿರಬೇಕೆಂದು ತಂದೆ. ಕೊಟ್ಟ ಹಣಕ್ಕಿಂತ ಈ ಗುಮಾನಿಯೇ ಮನೆಯವರನ್ನು ಹೆಚ್ಚು ನೋಯಿಸುತ್ತದೆ.

ಆದರೆ ವಾರಕ್ಕೆ ಎರಡು ನಿಮಿಷವೆಂದರೆ ಎಷ್ಟು ತಪ್ಪು? ದಿನಕ್ಕೆ ಸುಮಾರು 17 ಸೆಕೆಂಡು. ಒಂದು ದಿನದಲ್ಲಿರುವುದು 86,400 ಸೆಕೆಂಡು. ಅಂದರೆ ಐದು ಸಾವಿರ ಅಂಕಗಳ ಪರೀಕ್ಷೆಯಲ್ಲಿ ಒಂದೇ ಒಂದು ಅಂಕ ಕಳೆದುಕೊಂಡಂತೆ. ಅಂಥ ಮಗನನ್ನು ಯಾವ ತಂದೆಯೂ ಗದರಿಸಲಾರ.

ಕರ್ನಾಟಕದ ಮನೆಮನೆಗೂ ಗೊತ್ತಿರುವ ಎಚ್‌ಎಂಟಿ 'ಜನತಾ'ವನ್ನೇ ನೋಡಬಹುದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚುಗಳ ತಯಾರಿಕೆ ಆರಂಭವಾದದ್ದು 1961ರಲ್ಲಿ. ಮದುವೆಗೆ, ನೌಕರಿಗೆ, ನಿವೃತ್ತಿಗೆ ಅದೇ ಉಡುಗೊರೆ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2016ರ ಜನವರಿಯಲ್ಲಿ. ಆದರೂ ಎಷ್ಟೋ ಅಜ್ಜಂದಿರ ಮಣಿಕಟ್ಟಿನಲ್ಲಿ 'ಜನತಾ' ಟಿಕ್ ಟಿಕ್ ಎನ್ನುತ್ತಲೇ ಇದೆ. ಅದರ ಒಳಗಿನ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ, ಅತ್ತಿಂದಿತ್ತ ಬಡಿಯುತ್ತದೆ. ದಿನಕ್ಕೆ 4,32,000 ಬಡಿತ. ಇಂಥ ವಾಚು 17 ಸೆಕೆಂಡು ಹಿಂದೆ ಬಿದ್ದಿತೆಂದರೆ ಅಷ್ಟರಲ್ಲಿ 85 ಬಡಿತ ಕಡಿಮೆಯಾಯಿತೆಂದು ಅರ್ಥ. ಅಂಗೈಯಲ್ಲಿ ಅಡಗುವ ಯಂತ್ರಕ್ಕೆ ಇದು ಕಡಿಮೆ ಸಾಧನೆಯೇ?

ಬಡಿತ ಏರುಪೇರಾಗಲು ಕಾರಣಗಳು ಹಲವು. ಬ್ಯಾಲೆನ್ಸ್ ಚಕ್ರವನ್ನು ಮತ್ತೆ ಮತ್ತೆ ಹಿಂದಕ್ಕೆಳೆಯುವುದು ಕೂದಲೆಳೆಯಷ್ಟು ತೆಳುವಾದ ಸುರುಳಿ ಸ್ಪ್ರಿಂಗ್. ವಾಚನ್ನು ಅಂಗಾತ ಇಟ್ಟಾಗ ಚಕ್ರದ ಅಚ್ಚು ಮೊನೆಯ ಮೇಲೆ ನಿಲ್ಲುತ್ತದೆ, ತಿಕ್ಕಾಟ ಕಡಿಮೆ. ಅಂಚಿನ ಮೇಲೆ ನಿಲ್ಲಿಸಿದರೆ ತಿಕ್ಕಾಟ ಹೆಚ್ಚು, ತೂಗಾಟ ಕಿರಿದು. ಹೀಗಾಗಿ ರಾತ್ರಿ ವಾಚನ್ನು ಯಾವ ಭಂಗಿಯಲ್ಲಿ ಇಡುತ್ತೇವೆಂಬುದರ ಮೇಲೂ ಬೆಳಗಿನ ಸಮಯ ನಿಂತಿದೆ. ಇನ್ನು ಬಿಸಿಲು. ಸಾದಾ ಉಕ್ಕಿನ ಸ್ಪ್ರಿಂಗ್ ಕಾದರೆ ಅದರ ಬಿಗಿ ಸಡಿಲಾಗಿ ವಾಚು ನಿಧಾನವಾಗುತ್ತದೆ. ಬಿಸಿಗೆ ಅಷ್ಟಾಗಿ ಜಗ್ಗದ ನಿಕಲ್-ಉಕ್ಕಿನ ಮಿಶ್ರಲೋಹಗಳನ್ನು ಕಂಡುಹಿಡಿದ ಷಾರ್ಲ್ ಗಿಯೋಮ್ ಅವರಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನವೇ ಬಂತು! ಮುಂಡರಗಿಯ ಏಪ್ರಿಲ್ ಬಿಸಿಲನ್ನು ವಾಚು ತಾಳಿಕೊಳ್ಳುವುದು ಅಂಥ ಲೋಹಗಳಿಂದ.

ಪ್ರಮಾಣಪತ್ರ ಪಡೆದ ದುಬಾರಿ ಸ್ವಿಸ್ ಕ್ರೋನೋಮೀಟರುಗಳಿಗೂ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಹೋಗುವ ರಿಯಾಯಿತಿ ಇದೆ. ಸಾಧಾರಣ ಬೆಲೆಯ ವಾಚಿನಲ್ಲಿ ಇಪ್ಪತ್ತು ಸೆಕೆಂಡು ಹೆಚ್ಚುಕಡಿಮೆಯಾದರೆ ಅನುಭವಿ ರಿಪೇರಿಗಾರರು ತಲೆ ಕೆಡಿಸಿಕೊಳ್ಳುವುದಿಲ್ಲ. ಅವರು ಕೇಳುವ ಪ್ರಶ್ನೆಯೇ ಬೇರೆ: 'ದಿನಾಲೂ ಅಷ್ಟೇ ಹಿಂದೆ ಬೀಳುತ್ತದೆಯೋ?'

ಈ ಪ್ರಶ್ನೆಯ ಬೆಲೆ ಇಂಗ್ಲೆಂಡಿನ ಜಾನ್ ಹ್ಯಾರಿಸನ್‌ಗೆ ಗೊತ್ತಿತ್ತು. ಬಡಗಿಯಾಗಿದ್ದ ಆತ ಹಡಗುಗಳಿಗಾಗಿ ಗಡಿಯಾರ ಮಾಡಲು ಜೀವನವನ್ನೇ ಸವೆಸಿದ. 1761ರಲ್ಲಿ ಆತನ ನಾಲ್ಕನೆಯ ಗಡಿಯಾರ ಜಮೈಕಾಕ್ಕೆ ಹಡಗು ಏರಿತು. ಅದು ದಿನಕ್ಕೆ ಸುಮಾರು 2.7 ಸೆಕೆಂಡು ಹಿಂದೆ ಬೀಳುತ್ತಿತ್ತು; 81 ದಿನಗಳಿಗೆ ಮೂರೂವರೆ ನಿಮಿಷಕ್ಕೂ ಹೆಚ್ಚು. ಆದರೆ ಈ ಬಾಕಿಯನ್ನು ಲೆಕ್ಕಕ್ಕೆ ಹಿಡಿದಾಗ ಉಳಿದ ತಪ್ಪು ಐದೇ ಸೆಕೆಂಡು! ದಿನಾಲೂ ಒಂದೇ ಅಳತೆಯಲ್ಲಿ ಹಿಂದೆ ಬೀಳುವ ಗಡಿಯಾರದಿಂದ ಸಮುದ್ರದ ಮೇಲೆ ದಾರಿ ತಿಳಿಯಬಹುದು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಖರ್ಚಿಲ್ಲ. ಬೆಳಿಗ್ಗೆ ಒಂದೇ ಹೊತ್ತಿಗೆ ಪೂರ್ತಿ ಕೀಲಿ ಕೊಟ್ಟು, ಫೋನಿನ ಸಮಯಕ್ಕೂ ವಾಚಿಗೂ ಇರುವ ವ್ಯತ್ಯಾಸವನ್ನು ಸೆಕೆಂಡಿನ ಲೆಕ್ಕದಲ್ಲಿ ಹತ್ತು ದಿನ ನೋಟುಬುಕ್ಕಿನಲ್ಲಿ ಬರೆಯಬೇಕು; ನಡುವೆ ಮುಳ್ಳು ತಿರುಗಿಸಕೂಡದು. ಅಂಗಳದ ನೆರಳು ನೋಡಿ ವಾಚಿಗೆ ತಪ್ಪು ಹೊರಿಸುವ ಹಿರಿಯರೂ ಇದ್ದಾರೆ. ಕೊರ್ಲಹಳ್ಳಿ ಇರುವುದು 76 ಡಿಗ್ರಿ ರೇಖಾಂಶದ ಸಮೀಪ, ಭಾರತದ ಕಾಲಮಾನ 82.5 ಡಿಗ್ರಿಯದು. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 26 ನಿಮಿಷ ತಡ. ಋತುಮಾನಕ್ಕೆ ತಕ್ಕಂತೆ ಅದೂ ಬದಲಾಗುತ್ತದೆ. ಅದರಲ್ಲಿ ವಾಚಿನ ತಪ್ಪೇನೂ ಇಲ್ಲ.

ಹತ್ತು ದಿನವೂ ಹದಿನೇಳು, ಹದಿನಾರು, ಹದಿನೆಂಟು ಎಂದು ಬಂದರೆ ವಾಚು ಗಟ್ಟಿ. ರಿಪೇರಿಗಾರ ಒಳಗಿನ ಸಣ್ಣ ಸನ್ನೆಯನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು. (ಇದನ್ನು ಮನೆಯಲ್ಲಿ ಸೂಜಿಯಿಂದ ಮಾಡಹೋದವರ ವಾಚುಗಳು ಡಬ್ಬಿಯಲ್ಲಿವೆ.) ಒಂದು ದಿನ ಹತ್ತು ಮುಂದೆ, ಮರುದಿನ ನಲವತ್ತು ಹಿಂದೆ ಎಂದಾದರೆ ದೋಷ ನಿಜ, ರಸೀದಿ ಹಿಡಿದು ಅಂಗಡಿಗೆ ಹೋಗಬೇಕು. ದಿಢೀರನೆ ಗಂಟೆಗೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಸ್ಪೀಕರಿನ ಪಕ್ಕ ಇಟ್ಟಿದ್ದಿರೇ ಎಂದು ನೆನಪಿಸಿಕೊಳ್ಳಬೇಕು: ಅಯಸ್ಕಾಂತ ತಗುಲಿ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರಬಹುದು. ಅದನ್ನು ತೆಗೆಯಲು ರಿಪೇರಿಗಾರನಿಗೆ ಕೆಲವೇ ನಿಮಿಷ ಸಾಕು.